ಕವಾಟ ಬದಲಾಯಿತು, ಲಕ್ವದ ಲೆಕ್ಕ ಉಳಿಯಿತು

(ಗಂಗಾವತಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ನಡುನಡುವೆ ಕೇಳಿದ್ದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೈಕು ಹಿಡಿಯುವ ಮೊದಲೇ ಮುಂದಿನ ಸಾಲಿನ ಹಿರಿಯರೊಬ್ಬರು ಪ್ರಶ್ನೆ ಹಾಕಿಬಿಟ್ಟರು. ಅವರ ಸೊಸೆಗೆ ಆರು ವರ್ಷದ ಹಿಂದೆ ಹೃದಯದ ವಾಲ್ವು, ಅಂದರೆ ಕವಾಟ, ಬದಲಾಯಿಸಿದ್ದಾರೆ. ಆಪರೇಷನ್ ಚೆನ್ನಾಗಿ ಆಯಿತು, ಉಬ್ಬಸ ಹೋಯಿತು, ಹುಡುಗಿ ಗದ್ದೆ ಕೆಲಸಕ್ಕೂ ಹೊರಟಳು. ಹೋದ ವರ್ಷ ಇದ್ದಕ್ಕಿದ್ದಂತೆ ಲಕ್ವ ಹೊಡೆಯಿತು. "ಡಾಕ್ಟರೇ, ಹೊಸ ವಾಲ್ವು ಹಾಕಿದ ಮೇಲೂ ಲಕ್ವ ಯಾಕೆ? ಆಪರೇಷನ್ ಕೆಟ್ಟಿತ್ತೇ, ಮಾಲು ಕಳಪೆಯೇ?"

ನಾನು ಹೇಳಬೇಕೆಂದು ಬಂದಿದ್ದು ಈ ಪ್ರಶ್ನೆಯ ಉತ್ತರವನ್ನೇ. ಅದು ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲ, ಆದ್ದರಿಂದ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಹೃದಯದ ಕವಾಟವನ್ನು ತುಂಗಭದ್ರಾ ಡ್ಯಾಮಿನ ಗೇಟಿಗೆ ಹೋಲಿಸುವುದು ನಮ್ಮ ಕಡೆ ರೂಢಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ನೀರು ಹರಿದುಹೋದಾಗ ನನ್ನ ರೋಗಿಯೊಬ್ಬರು ಫೋನು ಮಾಡಿ, "ನನ್ನ ಎದೆಯಲ್ಲಿ ಆಗಿದ್ದು ಇದೇ ಅಲ್ಲವೇ?" ಎಂದು ಕೇಳಿದ್ದರು. ಹೋಲಿಕೆ ಅರ್ಧ ಸರಿ. ಡ್ಯಾಮಿನ ಗೇಟನ್ನು ಯಾರೋ ಎತ್ತಬೇಕು, ಇಳಿಸಬೇಕು. ಹೃದಯದ ಕವಾಟವನ್ನು ಎತ್ತುವವರು ಯಾರೂ ಇಲ್ಲ. ರಕ್ತ ಮುಂದಕ್ಕೆ ತಳ್ಳಿದರೆ ತೆರೆಯುತ್ತದೆ, ಹಿಂದಕ್ಕೆ ಬರಲು ನೋಡಿದರೆ ಮುಚ್ಚುತ್ತದೆ. ಇದಕ್ಕೆ ಸರಿಯಾದ ಜೋಡಿ ನಿಮ್ಮ ಪಂಪ್‌ಸೆಟ್ಟಿನ ಪೈಪಿನ ತುದಿಯಲ್ಲಿ ಬಾವಿಯೊಳಗೆ ಮುಳುಗಿರುವ ಫುಟ್‌ವಾಲ್ವು. (ಇಲ್ಲಿ ಹಿಂದಿನಿಂದ ಒಬ್ಬರು "ಫುಟ್‌ಬಾಲ್!" ಎಂದು ಕೂಗಿದರು. ಸಭೆ ನಕ್ಕಿತು. ಹೌದು, ನಮ್ಮ ರೈತರ ಬಾಯಲ್ಲಿ ಅದು ಫುಟ್‌ಬಾಲ್.) ಅದು ಸವೆದರೆ ಪೈಪಿನ ನೀರು ಬಾವಿಗೆ ಇಳಿಯುತ್ತದೆ, ಕಸ ಕಟ್ಟಿಕೊಂಡರೆ ಮೋಟರು ಎಷ್ಟು ತಿರುಗಿದರೂ ನೀರು ಏರುವುದಿಲ್ಲ. ಕವಾಟದ ಕಾಯಿಲೆಯೂ ಈ ಎರಡೇ: ಸೋರುವುದು, ಇಲ್ಲವೇ ಕಿರಿದಾಗುವುದು. ಒಂದು ವ್ಯತ್ಯಾಸವಿದೆ. ಹೃದಯದ ಫುಟ್‌ಬಾಲ್ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತದೆ, ಮೋಟರು ನಿಲ್ಲಿಸಿ ಮೇಲೆತ್ತಿ ತೊಳೆಯಲು ಬರುವುದಿಲ್ಲ.

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಇವತ್ತಿನ ಮಾತಿಗೆ ಎಡಭಾಗದ ಎರಡು ಸಾಕು: ಮೈಟ್ರಲ್ ಮತ್ತು ಅಯೋರ್ಟಿಕ್. ಶ್ವಾಸಕೋಶದಿಂದ ಬಂದ ರಕ್ತ ಮೊದಲು ಮೈಟ್ರಲ್ ದಾಟುತ್ತದೆ, ಆಮೇಲೆ ಅಯೋರ್ಟಿಕ್ ದಾಟಿ ಮಹಾಪಧಮನಿಗೆ ಹೋಗುತ್ತದೆ. ಆ ದೊಡ್ಡ ಕಾಲುವೆ ಬಾಗುವ ಜಾಗದಲ್ಲೇ ಮಿದುಳಿಗೆ ಹೋಗುವ ವಿತರಣಾ ಕಾಲುವೆಗಳು ಒಡೆಯುತ್ತವೆ. ಮೇಲೆ ಹೊಲದಲ್ಲಿ ಕಿತ್ತ ಕಸ ಕಾಲುವೆಗೆ ಬಿದ್ದರೆ ಮೊದಲ ತೂಬಿಗೆ ಸಿಕ್ಕಿಕೊಳ್ಳುವುದನ್ನು ನೀವು ನೋಡಿದ್ದೀರಿ. ಎಡಭಾಗದ ಕವಾಟದ ಮೇಲೆ ಕಟ್ಟಿದ ಹೆಪ್ಪು ಜಾರಿದರೆ ಮಿದುಳಿನತ್ತ ಹೋಗುವ ಸಾಧ್ಯತೆ ಹೆಚ್ಚು. ಲಕ್ವ ಎಂದರೆ ಬಹಳಷ್ಟು ಸಲ ಇದೇ. ಕೈಕಾಲು ಬಿದ್ದುಹೋದರೂ ಪೆಟ್ಟು ಬಿದ್ದಿರುವುದು ತಲೆಯೊಳಗೆ.

ಇನ್ನು ನಮ್ಮ ಭಾಗದ ಒಂದು ವಿಶೇಷ. ಅಮೆರಿಕ, ಯುರೋಪಿನಲ್ಲಿ ಕವಾಟ ಬದಲಿಸಿಕೊಳ್ಳುವವರು ಹೆಚ್ಚಾಗಿ ಎಪ್ಪತ್ತು ದಾಟಿದವರು. ವಯಸ್ಸಿಗೆ ಅವರ ಅಯೋರ್ಟಿಕ್ ಕವಾಟದ ಮೇಲೆ ಸುಣ್ಣದಂಶ ಕೂತಿರುತ್ತದೆ. ನನ್ನ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಇಪ್ಪತ್ತೈದರಿಂದ ನಲವತ್ತೈದರವರು, ಅದರಲ್ಲೂ ಹೆಣ್ಣುಮಕ್ಕಳು, ಕೆಟ್ಟಿದ್ದು ಮೈಟ್ರಲ್ ಕವಾಟ. ಕಾರಣ ರುಮ್ಯಾಟಿಕ್ ಜ್ವರ. ಚಿಕ್ಕಂದಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ. ಕೆಲವು ಮಕ್ಕಳಲ್ಲಿ ದೇಹ ಅದರ ಮೇಲೆ ಸಾರಿದ ಯುದ್ಧ ತನ್ನದೇ ಕೀಲುಗಳಿಗೂ ಕವಾಟಗಳಿಗೂ ತಗಲುತ್ತದೆ. ಕೀಲು ವಾಸಿಯಾಗುತ್ತದೆ, ಕವಾಟ ಆಗುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಎಂದು ಬರೆದುಕೊಟ್ಟದ್ದು ಇದಕ್ಕೆ. ಅದನ್ನು ನಡುವೆ ಬಿಟ್ಟವರೇ ಹತ್ತು ಹದಿನೈದು ವರ್ಷದ ನಂತರ ಉಬ್ಬಸ ಹೊತ್ತು ಬರುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಆದ್ದರಿಂದ ಪರದೇಶದ ಅಂಕಿಗಳನ್ನು ನಮ್ಮ ಮೈಗೆ ಅಳತೆ ಮಾಡದೆ ಹೊಲಿಸಿಕೊಳ್ಳಬಾರದು. ಆದರೂ ಅವುಗಳಲ್ಲಿ ಕಲಿಯುವುದಿದೆ.

ಮೊದಲು ಲೋಹದ ಕವಾಟ. 1960ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ಸೇರಿ, ಪಂಜರದೊಳಗೆ ಗುಂಡು ಕುಣಿಯುವಂಥ ಕವಾಟವನ್ನು ಮೈಟ್ರಲ್ ಜಾಗದಲ್ಲಿ ಕೂರಿಸಿದರು. (ಅದು ನಿಜಕ್ಕೂ ಫುಟ್‌ಬಾಲೇ.) ಆಮೇಲೆ ಓರೆಯಾಗಿ ಏಳುವ ಒಂದು ಬಿಲ್ಲೆಯ ಕವಾಟ ಬಂತು, 1977ರಿಂದ ಎರಡು ಎಸಳಿನದು. ನಮ್ಮವರದೂ ಒಂದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಯಾರಾದ ಚಿತ್ರಾ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಹಾಕಿದರು. ವಿದೇಶಿ ಕವಾಟದ ಬೆಲೆ ಕೇಳಿ ಹಿಂದಿರುಗುತ್ತಿದ್ದ ಎಷ್ಟೋ ಮಂದಿಗೆ ಅದು ಬದುಕು ಕೊಟ್ಟಿದೆ. ಇಲ್ಲಿ ಕುಳಿತವರಲ್ಲೂ ಕೆಲವರ ಎದೆಯಲ್ಲಿ ಅದು ಟಿಕ್ ಟಿಕ್ ಎನ್ನುತ್ತಿರಬಹುದು.

ಲೋಹ ಸವೆಯುವುದಿಲ್ಲ, ಅದು ಅದರ ಗುಣ. ರಕ್ತಕ್ಕೆ ಅದು ಪರಕೀಯ, ಅದು ಅದರ ದೋಷ. ನೆಲಕ್ಕೆ ಬಿದ್ದ ರಕ್ತ ಹೆಪ್ಪುಗಟ್ಟುವಂತೆ ಲೋಹದ ಮೇಲೂ ಕಟ್ಟಲು ನೋಡುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇಲ್ಲದೆ ಬಿಟ್ಟರೆ ಏನಾಗುತ್ತದೆ? 1994ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಹಾಕಿದ ಲೆಕ್ಕವೊಂದಿದೆ. ಲೋಹದ ಕವಾಟದ 100 ಮಂದಿಯನ್ನು ಏನೂ ಕೊಡದೆ ಒಂದು ವರ್ಷ ಬಿಟ್ಟರೆ ಸುಮಾರು 4 ಮಂದಿಗೆ ಹೆಪ್ಪು ಜಾರಿ ದೊಡ್ಡ ಅನಾಹುತ. ಆಸ್ಪಿರಿನ್ ಜಾತಿಯ ಮಾತ್ರೆ ಮಾತ್ರ ಕೊಟ್ಟರೆ 2ಕ್ಕಿಂತ ಸ್ವಲ್ಪ ಹೆಚ್ಚು. ವಾರ್ಫರಿನ್ ಜಾತಿಯ ಮಾತ್ರೆ ಕೊಟ್ಟರೆ 1. ಸೊನ್ನೆಯಲ್ಲ, ಗಮನಿಸಿ. ನೂರಕ್ಕೆ ನಾಲ್ಕು ಅಷ್ಟೇ ತಾನೇ ಎನ್ನಬೇಡಿ. ಅದು ಒಂದು ವರ್ಷದ ಲೆಕ್ಕ, ಮೂವತ್ತರ ಹೆಣ್ಣುಮಗಳ ಮುಂದೆ ಅಂಥ ನಲವತ್ತು ವರ್ಷಗಳಿವೆ. ಮತ್ತೊಂದು ಮಾತು: ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಅಯೋರ್ಟಿಕ್ ಜಾಗದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಪಾಯ. ಅಯೋರ್ಟಿಕ್‌ನಲ್ಲಿ ರಕ್ತ ಧುಮುಕುತ್ತದೆ, ಮೈಟ್ರಲ್‌ನಲ್ಲಿ ನಿಧಾನವಾಗಿ ಇಳಿಯುತ್ತದೆ. ನಿಂತ ನೀರಿಗೆ ಪಾಚಿ ಕಟ್ಟುವುದು ಬೇಗ. ಅದಕ್ಕೆ ಜೊತೆಯಾಗಿ ನಮ್ಮ ಮೈಟ್ರಲ್ ರೋಗಿಗಳಲ್ಲಿ ಅನೇಕರ ಎಡ ಹೃತ್ಕರ್ಣ, ಅಂದರೆ ಹೃದಯದ ಎಡಭಾಗದ ಮೇಲಿನ ಕೋಣೆ, ಹಿಗ್ಗಿ, ಬಡಿತ ತಾಳ ತಪ್ಪಿರುತ್ತದೆ. ಆಗ ಹೆಪ್ಪು ಕವಾಟದ ಮೇಲಷ್ಟೇ ಅಲ್ಲ, ಹೃತ್ಕರ್ಣದ ಮೂಲೆಯ ಚೀಲದಲ್ಲೂ ಕಟ್ಟುತ್ತದೆ. ಕವಾಟ ಯಾವುದೇ ಇರಲಿ, ತಾಳ ತಪ್ಪಿದ ಹೃದಯ ತನ್ನ ಪಾಡಿಗೆ ಲಕ್ವದ ಕಾರ್ಖಾನೆ.

ಎರಡನೆಯದು ಅಂಗಾಂಶದ ಕವಾಟ. ಹಂದಿಯ ಕವಾಟ, ಇಲ್ಲವೇ ದನದ ಹೃದಯದ ಹೊರಪೊರೆಯನ್ನು ರಾಸಾಯನಿಕದಲ್ಲಿ ಹದಮಾಡಿ ಹೊಲಿದದ್ದು. ಇದನ್ನು ಕೇಳಿ ಮುಖ ಸಿಂಡರಿಸುವವರಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ಅದು ಅವರ ಹಕ್ಕು. ಆದರೆ ಆಪರೇಷನ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳಿ, ಆಮೇಲೆ ಜಗಳ ಬೇಡ. ಇದರ ಮೇಲೆ ರಕ್ತ ಅಷ್ಟಾಗಿ ಹೆಪ್ಪುಗಟ್ಟುವುದಿಲ್ಲ. ಆದರೆ ಮೊದಲ ಮೂರು ತಿಂಗಳು ಎಚ್ಚರ ಬೇಕು. ಕವಾಟವನ್ನು ಹೊಲಿದು ಕೂರಿಸಿದ ಬಟ್ಟೆಯ ಬಳೆಯ ಮೇಲೆ ದೇಹದ ಸ್ವಂತ ಪದರ ಬೆಳೆದು ಮುಚ್ಚುವವರೆಗೆ ಹೆಪ್ಪಿನ ಅಪಾಯ ಹೆಚ್ಚು. ಅದಕ್ಕೇ ಮೂರರಿಂದ ಆರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ಆಮೇಲೆ, ಬಡಿತ ಸರಿಯಿದ್ದರೆ, ಹೆಚ್ಚಿನವರಿಗೆ ಆಸ್ಪಿರಿನ್ ಸಾಕಾಗುತ್ತದೆ.

ಹಾಗಿದ್ದರೆ ಅಂಗಾಂಶದ್ದು ಹಾಕಿಸಿಕೊಂಡರೆ ಲಕ್ವ ಕಡಿಮೆ ಎನ್ನೋಣವೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. 2014ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಅಧ್ಯಯನ ಪ್ರಕಟವಾಯಿತು. ಅಯೋರ್ಟಿಕ್ ಕವಾಟ ಬದಲಿಸಿಕೊಂಡ, 50ರಿಂದ 69 ವಯಸ್ಸಿನವರು. ಹದಿನೈದು ವರ್ಷದಲ್ಲಿ ಲಕ್ವ ಬಂದದ್ದು ಅಂಗಾಂಶದ ಗುಂಪಿನಲ್ಲಿ ಶೇಕಡ 7.7, ಲೋಹದ ಗುಂಪಿನಲ್ಲಿ ಶೇಕಡ 8.6. ಸಂಖ್ಯಾಶಾಸ್ತ್ರದ ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಲೋಹದವರಲ್ಲಿ ದೊಡ್ಡ ರಕ್ತಸ್ರಾವ ಶೇಕಡ 13, ಅಂಗಾಂಶದವರಲ್ಲಿ 6.6. ಮತ್ತೆ ಎದೆ ತೆರೆಯಬೇಕಾಗಿ ಬಂದದ್ದು ಅಂಗಾಂಶದವರಲ್ಲಿ ಶೇಕಡ 12ರಷ್ಟು, ಲೋಹದವರಲ್ಲಿ 7ರ ಸುಮಾರು.

ಈ ಅಂಕಿಗಳ ಬೆನ್ನ ಹಿಂದೆ ಒಂದು ದೊಡ್ಡ ಷರತ್ತು ಅಡಗಿದೆ. ಅಲ್ಲಿನ ಲೋಹದ ಕವಾಟದವರಿಗೆ ಮಾತ್ರೆಯೂ ರಕ್ತಪರೀಕ್ಷೆಯೂ ಕೈಗೆಟಕುವ ದೂರದಲ್ಲಿದ್ದವು. ನಮ್ಮ ಕಥೆ ಬೇರೆ. ಅದಕ್ಕೆ ಬರುತ್ತೇನೆ.

ಮೂರನೆಯದು ಎದೆ ತೆರೆಯದೆ, ತೊಡೆಸಂದಿಯ ರಕ್ತನಾಳದಿಂದ ಕವಾಟವನ್ನು ಮಡಚಿ ತಂದು ಕೂರಿಸುವುದು. ಟಾವಿ ಎನ್ನುತ್ತಾರೆ. ಫ್ರಾನ್ಸಿನ ಅಲೇನ್ ಕ್ರಿಬಿಯೆ 2002ರಲ್ಲಿ ಮೊದಲು ಮಾಡಿದರು. ಇಲ್ಲಿ ಲಕ್ವದ ಸಮಯವೇ ಬೇರೆ. ಹಳೆಯ ಸುಣ್ಣಗಟ್ಟಿದ ಕವಾಟವನ್ನು ಕಿತ್ತು ಹಾಕುವುದಿಲ್ಲ, ಹೊಸದನ್ನು ಅದರೊಳಗೇ ಅರಳಿಸಿ ಅದನ್ನು ಗೋಡೆಗೆ ಒತ್ತುತ್ತಾರೆ. ಹಳೆಯ ಗೋಡೆಗೆ ಹೊಸ ಚೌಕಟ್ಟು ಬಡಿಯುವಾಗ ಗಾರೆ ಉದುರುವಂತೆ ಸುಣ್ಣದ ಚೂರು ಉದುರಬಹುದು. ಹಾಗಾಗಿ ಲಕ್ವ ಬರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ ಬರುತ್ತದೆ. ಆರಂಭದ ವರ್ಷಗಳಲ್ಲಿ, 2011ರ ಒಂದು ದೊಡ್ಡ ಪ್ರಯೋಗದಲ್ಲಿ, ತೀರಾ ಅಪಾಯದ ಸ್ಥಿತಿಯ ವೃದ್ಧರಲ್ಲಿ ಒಂದು ತಿಂಗಳೊಳಗೆ ಲಕ್ವ ಅಥವಾ ಅದರ ಮುನ್ಸೂಚನೆ ಶೇಕಡ 5.5 ಇತ್ತು, ಎದೆ ತೆರೆದವರಲ್ಲಿ 2.4. ಉಪಕರಣ ಸಣ್ಣದಾಯಿತು, ಕೈ ಪಳಗಿತು. 2019ರ ಪ್ರಯೋಗದಲ್ಲಿ, ಅಪಾಯ ಕಡಿಮೆ ಇದ್ದ ರೋಗಿಗಳಲ್ಲಿ, ಲೆಕ್ಕ ತಿರುಗಿತ್ತು: ಟಾವಿಯಲ್ಲಿ ತಿಂಗಳೊಳಗಿನ ಲಕ್ವ ಶೇಕಡ 0.6, ಎದೆ ತೆರೆದವರಲ್ಲಿ 2.4. ಚೂರು ಹಿಡಿಯಲು ಮಿದುಳಿನ ರಕ್ತನಾಳಕ್ಕೆ ಜಾಳಿಗೆ ಇಡುವುದೂ ಉಂಟು. ಕೇಳಲು ಚೆನ್ನಾಗಿದೆ, ಆದರೆ ಎಲ್ಲರಿಗೂ ಇಟ್ಟರೆ ಒಟ್ಟು ಲಕ್ವ ಕಡಿಮೆಯಾಗುತ್ತದೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಲಿಲ್ಲ. ಟಾವಿ ದುಬಾರಿ, ಮತ್ತು ವಯಸ್ಸಾದವರ ಅಯೋರ್ಟಿಕ್ ಕವಾಟಕ್ಕೆ ಹೇಳಿ ಮಾಡಿಸಿದ್ದು. ರುಮ್ಯಾಟಿಕ್ ಮೈಟ್ರಲ್ ಕೆಟ್ಟ ನಮ್ಮ ಹುಡುಗಿಯರಿಗೆ ಅದು ದಾರಿಯಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಈಗ ನಮ್ಮ ಕಥೆ.

ಕನಕಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಊರು ಹೇಳುವುದಿಲ್ಲ. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ. ಆಪರೇಷನ್ ಆದ ಮೇಲೆ ಎರಡು ವರ್ಷ ತಪ್ಪದೆ ಬರುತ್ತಿದ್ದಳು. ಅವಳದೊಂದು ನೂರು ಪುಟದ ಶಾಲೆಯ ನೋಟ್‌ಬುಕ್ಕು. ಎಡಗಡೆ ತಾರೀಖು, ನಡುವೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ), ಬಲಗಡೆ ವಾರ್ಫರಿನ್ ಮಾತ್ರೆ ಎಷ್ಟು. ಬರೆಯುತ್ತಿದ್ದವನು ಆರನೇ ಇಯತ್ತೆಯ ಮಗ. ಆ ವರ್ಷ ಮಳೆ ಕೈಕೊಟ್ಟಿತು. ಯುಗಾದಿ ಮುಗಿಸಿ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ನೋಟ್‌ಬುಕ್ಕು ಊರಿನ ಮನೆಯ ಗೂಡಿನಲ್ಲಿ ಉಳಿಯಿತು. ಮಾತ್ರೆ ಮುಗಿದಾಗ ಅಲ್ಲಿನ ಅಂಗಡಿಯಲ್ಲಿ ಚೀಟಿ ಕೇಳಿದರು, ಚೀಟಿ ಇರಲಿಲ್ಲ. ಉಸಿರಾಟ ಚೆನ್ನಾಗಿತ್ತು, ನೋವಿರಲಿಲ್ಲ. ಊರಿಗೆ ಹೋದಾಗ ನೋಡಿದರಾಯಿತು ಎಂದುಕೊಂಡಳು. ಮೂರು ವಾರ. ಒಂದು ಬೆಳಿಗ್ಗೆ ತಗಡಿನ ಶೆಡ್ಡಿನಲ್ಲಿ ಚಹಾದ ಲೋಟ ಬಲಗೈಯಿಂದ ಜಾರಿತು. ಬಗ್ಗಿ ಎತ್ತಲು ಹೋದಳು, ಕೈ ಬರಲಿಲ್ಲ. ಗಂಡನನ್ನು ಕರೆಯಲು ಹೋದಳು, ಮಾತು ಬರಲಿಲ್ಲ. ಅವತ್ತು ಅವಳ ಐಎನ್‌ಆರ್ 1.1. ಮಾತ್ರೆಯನ್ನೇ ನುಂಗದ ನನ್ನ ನಿಮ್ಮ ರಕ್ತದಲ್ಲಿರುವಷ್ಟು. ಇರಬೇಕಾದದ್ದು 2.5ರಿಂದ 3.5.

ಈಗ ಬದುಕಿದ್ದಾಳೆ. ಸೆರಗನ್ನು ಎಡಗೈಯಿಂದ ಸಿಕ್ಕಿಸಿಕೊಳ್ಳುವುದನ್ನು ಕಲಿತಿದ್ದಾಳೆ. ಕವಾಟ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಹಿರಿಯರೇ, ನಿಮ್ಮ ಸೊಸೆಯ ಕಾಗದಪತ್ರ ನಾನು ನೋಡಿಲ್ಲ. ಆದರೆ ಮಾಲು ಕಳಪೆಯೇ ಎಂದು ಕೇಳುವ ಮೊದಲು, ಲಕ್ವ ಹೊಡೆದ ದಿನ ಐಎನ್‌ಆರ್ ಎಷ್ಟಿತ್ತು ಎಂದು ಕೇಳಿ. ನನ್ನ ಅನುಭವದಲ್ಲಿ ಉತ್ತರ ಹೆಚ್ಚಾಗಿ ಅಲ್ಲಿ ಸಿಗುತ್ತದೆ.

ಐಎನ್‌ಆರ್ ಎಂದರೆ ನಿಮ್ಮ ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯವನ್ನು ಎಲ್ಲ ಲ್ಯಾಬುಗಳಿಗೂ ಒಂದೇ ಅಳತೆಗೆ ತಂದ ಸಂಖ್ಯೆ. ಅಯೋರ್ಟಿಕ್ ಲೋಹಕ್ಕೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಲೋಹಕ್ಕೆ 2.5ರಿಂದ 3.5. ನಿಮ್ಮ ವೈದ್ಯರು ಬರೆದ ಗುರಿ ಬೇರೆಯಿದ್ದರೆ ಅದೇ ನಿಮ್ಮದು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ಸ್ರಾವ. ಮಿದುಳಿನೊಳಗೆ ಸ್ರಾವವಾದರೂ ಲಕ್ವವೇ. ಲೋಹದ ಕವಾಟದವರು ಎರಡು ಬದಿಯ ಪ್ರಪಾತದ ನಡುವಿನ ಬದುವಿನ ಮೇಲೆ ನಡೆಯುವವರು.

ಲ್ಯಾಬಿನ ಒಂದು ಸಂಗತಿ ನಿಮ್ಮ ಕಣ್ಣಿಗೆ ಕಟ್ಟಿರಲಿ. ಈ ಪರೀಕ್ಷೆಗೆ ನೀಲಿ ಮುಚ್ಚಳದ ಕೊಳವೆ. ತಳದಲ್ಲಿ ಸಿಟ್ರೇಟ್ ದ್ರವ ಇರುತ್ತದೆ, ಅದರ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು. ಕೊಳವೆಯ ಮೇಲೆ ಗೆರೆ ಇದೆ, ರಕ್ತ ಅಲ್ಲಿಯವರೆಗೆ ಬರಬೇಕು. ನರ ಸಿಗಲಿಲ್ಲವೆಂದು ಅರ್ಧ ಕೊಳವೆಗೆ ನಿಲ್ಲಿಸಿದರೆ ದ್ರವ ಹೆಚ್ಚಾಗಿ, ಐಎನ್‌ಆರ್ ಸುಳ್ಳಾಗಿ ಏರಿದಂತೆ ಕಾಣುತ್ತದೆ. ಒಂದು ಸಲ ನನ್ನ ರೋಗಿಯೊಬ್ಬರಿಗೆ 5.8 ಎಂದು ವರದಿ ಬಂತು. ಮಾತ್ರೆ ನಿಲ್ಲಿಸಿ ಎಂದು ಬರೆಯಲು ಪೆನ್ನು ಎತ್ತಿದ್ದೆ. ಯಾಕೋ ಅನುಮಾನ ಬಂದು ಮತ್ತೆ ತೆಗೆಸಿದೆ, 2.9. ಗೆರೆ ನೋಡುವುದು ನಿಮ್ಮ ಕೆಲಸವಲ್ಲ ನಿಜ, ಆದರೂ ನೋಡಿ.

(ಇಲ್ಲಿ ಒಬ್ಬ ತಾಯಿ ಕೇಳಿದರು: "ಪುಂಡಿಪಲ್ಯ ತಿನ್ನಬಾರದು ಎಂದರು, ಮೆಂತ್ಯ ಬೇಡ ಎಂದರು. ಇನ್ನು ರೊಟ್ಟಿಗೆ ಏನು ಹಚ್ಚಿಕೊಳ್ಳಲಿ?")

ತಿನ್ನಿ, ತಾಯಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ ಮಾತ್ರೆಗೆ ಎದುರಾಳಿ, ಅದು ನಿಜ. ಆದರೆ ಮಾತ್ರೆಯ ಪ್ರಮಾಣ ನಿಗದಿಯಾಗುವುದೇ ನಿಮ್ಮ ಊಟಕ್ಕೆ ತಕ್ಕಂತೆ. ವಾರಕ್ಕೆ ಮೂರು ದಿನ ಪಲ್ಯ ತಿನ್ನುವವರು ಮೂರು ದಿನವೇ ತಿನ್ನುತ್ತಿರಿ. ಶ್ರಾವಣವೆಂದು ತಿಂಗಳಿಡೀ ಬುಟ್ಟಿಗಟ್ಟಲೆ ಸೊಪ್ಪು, ಆಮೇಲೆ ಎರಡು ತಿಂಗಳು ಬರೀ ಬೇಳೆ, ಇದು ಆಗದು. ನಾನು ಸೊಪ್ಪಿಗಿಂತ ಹೆದರುವುದು ನಾಟಿ ಹಚ್ಚುವ ಕಾಲದ ಸೊಂಟನೋವಿಗೆ. ದಿನವಿಡೀ ಕೆಸರಲ್ಲಿ ಬಗ್ಗಿ ಬಂದು, ಅಂಗಡಿಯಲ್ಲಿ ಎರಡು ನೋವಿನ ಗುಳಿಗೆ ಕೇಳಿ ನುಂಗುವುದು, ಇಲ್ಲವೇ ಚಪ್ಪೆಗೆ ಸೂಜಿ ಮಾಡಿಸಿಕೊಳ್ಳುವುದು. ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ಹೊಟ್ಟೆಯಲ್ಲಿ ರಕ್ತ ಹರಿಸುತ್ತವೆ, ಸೂಜಿ ಚುಚ್ಚಿದಲ್ಲಿ ಸ್ನಾಯುವಿನೊಳಗೆ ರಕ್ತ ತುಂಬುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಏರಿಸುತ್ತದೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಯಾವ ವೈದ್ಯರ ಹತ್ತಿರ ಹೋದರೂ ಮೊದಲ ಮಾತು "ನನಗೆ ವಾಲ್ವು ಹಾಕಿದ್ದಾರೆ" ಎಂದಿರಲಿ.

ಈ ಮಾತ್ರೆಯ ಮೂಲ ರೈತರಿಗೆ ರುಚಿಸುವ ಕಥೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸಲು ಹಿಡಿದ ಒಂದು ಜಾತಿಯ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸತ್ತವು. ವಿಸ್ಕಾನ್ಸಿನ್‌ನ ವಿಜ್ಞಾನಿಗಳು ಅದರ ಕಾರಣ ಹುಡುಕುತ್ತಾ ಹೋಗಿ, 1948ರ ಹೊತ್ತಿಗೆ ವಾರ್ಫರಿನ್ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಮನುಷ್ಯರಿಗೂ ಬಂತು. ಇಷ್ಟು ಹಳೆಯದೇಕೆ, ಪರೀಕ್ಷೆ ಬೇಡದ ಹೊಸ ಮಾತ್ರೆ ಬಂದಿದೆಯಲ್ಲ ಎಂದು ಮೊಬೈಲಿನಲ್ಲಿ ಓದಿದವರು ಕೇಳುತ್ತಾರೆ. ಲೋಹದ ಕವಾಟಕ್ಕೆ ಅದು ಕೂಡದು. ಡಾಬಿಗಾಟ್ರಾನ್ ಎಂಬ ಹೊಸ ಮಾತ್ರೆಯನ್ನು ಪ್ರಯೋಗ ಮಾಡಿ ನೋಡಿದರು, 2013ರಲ್ಲಿ ಫಲಿತಾಂಶ ಬಂತು: ಹೊಸ ಮಾತ್ರೆಯವರಲ್ಲಿ ಶೇಕಡ 5 ಮಂದಿಗೆ ಲಕ್ವ, ವಾರ್ಫರಿನ್‌ನವರಲ್ಲಿ ಒಬ್ಬರಿಗೂ ಇಲ್ಲ. ಪ್ರಯೋಗವನ್ನೇ ನಡುವೆ ನಿಲ್ಲಿಸಿದರು. ಅಂಗಾಂಶದ ಕವಾಟದವರ ಮಾತು ಬೇರೆ, ಅವರಲ್ಲಿ ಕೆಲವರಿಗೆ ಹೊಸ ಮಾತ್ರೆ ಆಗಬಹುದು.

ಹಾಗಾದರೆ ಯಾವ ಕವಾಟ? ನನ್ನ ಅಭಿಪ್ರಾಯ ಕೆಲವು ಶಸ್ತ್ರವೈದ್ಯ ಮಿತ್ರರಿಗೆ ಹಿಡಿಸುವುದಿಲ್ಲ. ಮೂವತ್ತರವರಿಗೆ ಲೋಹ, ಎಪ್ಪತ್ತರವರಿಗೆ ಅಂಗಾಂಶ ಎಂಬ ಪುಸ್ತಕದ ಸೂತ್ರ ತಪ್ಪಲ್ಲ, ಅಂಗಾಂಶದ್ದು ಎಳೆಯರಲ್ಲಿ ಬೇಗ ಸವೆಯುತ್ತದೆ. ಆದರೆ ವಯಸ್ಸಿನ ಜೊತೆ ಇನ್ನೆರಡು ಪ್ರಶ್ನೆ ಕೇಳಬೇಕು. ಈ ಮನೆಯವರು ಗುಳೆ ಹೋಗುತ್ತಾರೆಯೇ? ಈ ಹೆಣ್ಣುಮಗಳು ಇನ್ನೂ ಮಕ್ಕಳನ್ನು ಬಯಸುತ್ತಾಳೆಯೇ? ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಕೂಸಿಗೆ ಕೆಡುಕು ಮಾಡಬಹುದು. ಅದನ್ನು ಬಿಟ್ಟರೆ ತಾಯಿಯ ಕವಾಟಕ್ಕೆ ಹೆಪ್ಪು ಕಟ್ಟಬಹುದು. ಹತ್ತು ಹನ್ನೆರಡು ವರ್ಷದ ನಂತರ ಇನ್ನೊಂದು ಆಪರೇಷನ್ ಎಂದು ಗೊತ್ತಿದ್ದೂ ಅಂಗಾಂಶದ್ದನ್ನು ಆರಿಸಿಕೊಂಡವರನ್ನು ನಾನು ಬೈಯುವುದಿಲ್ಲ. ಇನ್ನು ಬಲೂನಿನಿಂದ ಬಿಡಿಸಬಹುದಾದ, ಹೊಲಿದು ಸರಿಪಡಿಸಬಹುದಾದ ಸ್ವಂತ ಕವಾಟವಿದ್ದರೆ, ಅದನ್ನು ಉಳಿಸಿಕೊಳ್ಳುವುದೇ ಲೇಸು.

ಲಕ್ವ ಹೊಡೆದರೆ ಏನು ಮಾಡಬೇಕು ಎಂಬುದನ್ನು ಹೇಳದೆ ಇಳಿಯಲಾರೆ. ಬಾಯಿ ಸೊಟ್ಟ, ಒಂದು ಕೈ ಜೋಲು, ಮಾತು ತೊದಲು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ. ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಗಡುವು. ಐಎನ್‌ಆರ್ 1.7 ದಾಟಿದ್ದರೆ ಅದನ್ನು ಕೊಡಲು ಬರುವುದಿಲ್ಲ, ಆಗ ತಂತಿ ಹಾಕಿ ಹೆಪ್ಪು ಎಳೆಯುವ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕಾಗಬಹುದು. ಹೆಪ್ಪೋ ಸ್ರಾವವೋ ಎಂಬುದು ಸಿಟಿ ಸ್ಕ್ಯಾನ್ ಇಲ್ಲದೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ಲಕ್ವಕ್ಕೆ ಔಷಧ ಕೊಡುವ ಊರುಗಳಿಗೆ ಟಂಟಂ ಕಟ್ಟಿಕೊಂಡು ಹೋಗಿ, ಸಂಜೆಗೆ ಆಸ್ಪತ್ರೆಗೆ ಬರುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ. ಎದೆಯ ಟಿಕ್ ಟಿಕ್ ಮಂಕಾದರೆ, ಅಥವಾ ಜ್ವರ ವಾರವಾದರೂ ಇಳಿಯದಿದ್ದರೆ, ಲಕ್ವಕ್ಕೆ ಕಾಯದೆ ಬನ್ನಿ. ಮೊದಲನೆಯದರಲ್ಲಿ ಹೆಪ್ಪು, ಎರಡನೆಯದರಲ್ಲಿ ಸೋಂಕು ಕವಾಟದ ಮೇಲೆ ಕೂತಿರಬಹುದು.

(ಕೊನೆಯಲ್ಲಿ ರೈಸ್‌ಮಿಲ್ಲಿನಲ್ಲಿ ಹಮಾಲಿ ಮಾಡುವ ಯುವಕನೊಬ್ಬ ಎದ್ದು ನಿಂತ. ಅವನ ತಾಯಿಗೆ ಲೋಹದ ಕವಾಟ, ಬುಧವಾರ ಒಂದು ಹಲ್ಲು ಕೀಳಿಸಬೇಕು. ಐದು ದಿನ ಮಾತ್ರೆ ನಿಲ್ಲಿಸಿ ಎಂದು ಯಾರೋ ಹೇಳಿದ್ದರಿಂದ ಅವತ್ತೇ ನಿಲ್ಲಿಸಿದ್ದರು. ಒಂದು ಹಲ್ಲಿಗೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ, ಐಎನ್‌ಆರ್ ಗುರಿಯೊಳಗಿದ್ದರೆ ಹತ್ತಿ ಒತ್ತಿ, ಹೊಲಿಗೆ ಹಾಕಿ ರಕ್ತ ನಿಲ್ಲಿಸಬಹುದು, ಕೀಳುವ ಒಂದು ಗಂಟೆ ಮೊದಲು ಸೋಂಕು ತಡೆಯುವ ಔಷಧವೂ ಬೇಕು ಎಂದೆ. ಮಂಗಳವಾರ ತಾಯಿಯನ್ನೂ ನೋಟ್‌ಬುಕ್ಕನ್ನೂ ಕರೆತಾ ಎಂದೆ. "ಇವತ್ತಿನ ಮಾತ್ರೆ?" ಎಂದ. ಸಂಜೆ ಎಂದಿನ ಹೊತ್ತಿಗೆ ಎಂದೆ. ಅವನು ಸಭೆಯಲ್ಲೇ ಮನೆಗೆ ಫೋನು ಹಚ್ಚಿದ.)